ಜಾತ್ರೆಗೆ, ಪಂದ್ಯಕ್ಕೆ ಬರುವವರಿಗೆ ಮನೆ ಬಾಡಿಗೆ: ಹುಮನಾಬಾದಿನಲ್ಲಿ ನಾವು ಕಂಡದ್ದು



ಸಂಘದ ಕಚೇರಿಗೆ ಬರುವ ಪತ್ರಗಳಲ್ಲಿ ಗೊಬ್ಬರ, ಬೋರ್ಡೋ ದ್ರಾವಣ, ಕರಿಮೆಣಸಿನ ಧಾರಣೆ, ಅಡಿಕೆಯ ಕೊಳೆರೋಗ ಇವುಗಳ ಜೊತೆಗೆ ಈಚೆಗೆ ಹೊಸದೊಂದು ಪ್ರಶ್ನೆ ಸೇರಿಕೊಂಡಿದೆ. ಕೊಡವ ಕುಟುಂಬಗಳ ಹಾಕಿ ಹಬ್ಬ ನಡೆಯುವ ದಿನಗಳಲ್ಲಿ ಊರೆಲ್ಲ ಜನರಿಂದ ತುಂಬಿರುವಾಗ, ಮನೆಯ ಎರಡು ಕೋಣೆಗಳನ್ನು ಹೊರಗಿನವರಿಗೆ ಬಾಡಿಗೆಗೆ ಕೊಟ್ಟರೆ ಹೇಗೆ? ಕೊಟ್ಟರೆ ಏನು ಬರುತ್ತದೆ, ಏನು ಹೋಗುತ್ತದೆ? ಸರ್ಕಾರದವರು ಕೇಳುತ್ತಾರೆಯೆ?

ಪ್ರಶ್ನೆ ಸಹಜವಾದದ್ದೇ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರ ಪ್ರಯತ್ನದಿಂದ ಕರಡ ಗ್ರಾಮದಲ್ಲಿ ಈ ಹಬ್ಬ ಮೊದಲಾದಾಗ ಆಡಿದ್ದು 60 ತಂಡಗಳು. 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡಗಳು, 2025ರಲ್ಲಿ ಮಡಿಕೇರಿಯಲ್ಲಿ 396 ತಂಡಗಳು ಹೆಸರು ನೋಂದಾಯಿಸಿದವು. ಒಂದೊಂದು ತಂಡದ ಹಿಂದೆಯೂ ಒಂದೊಂದು ಕುಟುಂಬ, ಅವರ ನೆಂಟರು, ಬೆಂಗಳೂರು ಮೈಸೂರುಗಳಿಂದ ಕಾರು ಹತ್ತಿ ಬರುವ ಸ್ನೇಹಿತರು. ಇಷ್ಟು ಜನ ಮಲಗುವುದೆಲ್ಲಿ?

ಈ ವಿಷಯವಾಗಿ ಬರೆಯುತ್ತೇವೆಂದು ನಾವು ಮಹಾಸಭೆಯಲ್ಲಿ ಮಾತು ಕೊಟ್ಟು ಬಹಳ ದಿನವಾಯಿತು. ತಡವಾಗಲು ಕಾರಣ 2024ರ ಏಪ್ರಿಲಿನಲ್ಲಿ ನಮ್ಮ ಸ್ವಂತ ಮನೆಯಲ್ಲಿ ನಡೆದ ಒಂದು ಸಂಗತಿ. ಅದನ್ನು ಮುಂದೆ ಹೇಳುತ್ತೇವೆ. ಬರೆಯುವ ಮನಸ್ಸು ಬಂದದ್ದು 2025ರ ಜನವರಿಯಲ್ಲಿ, ಕಾಫಿಯ ಗಿಡವನ್ನೇ ಕಾಣದ ಬೀದರ ಜಿಲ್ಲೆಯ ಹುಮನಾಬಾದಿನಲ್ಲಿ.

ಅಲ್ಲಿಗೆ ನಾವು ಹೋದದ್ದು ವ್ಯಾಪಾರಕ್ಕೆ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ ಪ್ರತಿ ಜನವರಿಯಲ್ಲಿ ನಡೆಯುತ್ತದೆ. ಕರ್ನಾಟಕದವರಲ್ಲದೆ ಮಹಾರಾಷ್ಟ್ರ, ತೆಲಂಗಾಣಗಳ ಭಕ್ತರೂ ಬಂದು ಸೇರುತ್ತಾರೆ. ಅಲ್ಲೊಂದು ಅಂಗಡಿ ಹಾಕಿ ಸಂಘದ ಕಾಫಿ ಪುಡಿಯನ್ನೂ ಅಡಿಕೆಯನ್ನೂ ಮಾರಿ ನೋಡೋಣವೆಂದು ಆಡಳಿತ ಮಂಡಳಿ ಒಪ್ಪಿತ್ತು. ನಾವೂ ನಮ್ಮ ಗುಮಾಸ್ತರೂ ಕಲಬುರಗಿಯವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ 2017ರಲ್ಲಿ ತೆರೆದ ಬೀದರ ರೈಲು ಮಾರ್ಗದಲ್ಲೇ ಹುಮನಾಬಾದಿಗೆ ಇಳಿದೆವು. ಕಾಫಿಯ ವಿಚಾರವನ್ನು ಇಲ್ಲಿಯೇ ಮುಗಿಸಿಬಿಡುತ್ತೇವೆ: ಕೊಂಡೊಯ್ದ 40 ಕಿಲೋ ಪುಡಿಯಲ್ಲಿ ಮಾರಾಟವಾದದ್ದು 11 ಕಿಲೋ. ಅದು ಚಹದ ಸೀಮೆ. ಅಡಿಕೆ ಮಾತ್ರ ಎರಡನೆಯ ದಿನವೇ ಖಾಲಿಯಾಯಿತು.

ಊರಿಗೆ ಹೋದ ಮೇಲೆ ತಿಳಿಯಿತು, ಲಾಡ್ಜುಗಳಲ್ಲಿ ಒಂದು ಮಂಚವೂ ಉಳಿದಿಲ್ಲವೆಂದು. ಹುಮನಾಬಾದು ಪುಣೆ ಹೈದರಾಬಾದು ಹೆದ್ದಾರಿಯ ಮೇಲಿರುವ ಊರು. ಬೇರೆ ದಿನಗಳಲ್ಲಿ ರೂಮು ಸಿಗುತ್ತದೆ. ಜಾತ್ರೆಯಲ್ಲಿ ಸಿಗುವುದಿಲ್ಲ. ಪಕ್ಕದ ಬಟ್ಟೆ ಅಂಗಡಿಯವರು ನಮ್ಮ ಪೇಚಾಟ ನೋಡಿ, ಹಿಂದಿನ ಓಣಿಯಲ್ಲಿ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರ ಮನೆಗೆ ಕಳಿಸಿಕೊಟ್ಟರು. ಅವರ ಹೆಸರನ್ನು ಹಾಕುವುದು ಬೇಡವೆಂದು ಅವರೇ ಹೇಳಿದ್ದರಿಂದ, ಓಣಿಯವರೆಲ್ಲ ಕರೆಯುವಂತೆ ನಾವೂ ಅಕ್ಕೋರು ಎಂದೇ ಬರೆಯುತ್ತೇವೆ.

ಮನೆ ಹಳೆಯ ಕಾಲದ್ದು. ದಪ್ಪ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ನಡುವೆ ಅಂಗಳ, ಅಂಗಳದಲ್ಲಿ ಬಾವಿ. ಗಂಡ ತೀರಿಕೊಂಡಿದ್ದಾರೆ, ಮಗ ಪುಣೆಯಲ್ಲಿ ನೌಕರಿ. ಐದು ಕೋಣೆಗಳಲ್ಲಿ ಮೂರನ್ನು ಜಾತ್ರೆಯ ಆರು ದಿನ ಅವರು ಕಿರಾಯಿಗೆ ಕೊಡುತ್ತಾರೆ. ಆ ಸೀಮೆಯಲ್ಲಿ ಕೋಣೆಗೆ ಖೋಲಿ, ಬಾಡಿಗೆಗೆ ಕಿರಾಯಿ.

ನಮಗೆ ಮೊದಲು ಬಂದ ಸಂದೇಹ, ಜಾತ್ರೆಯೆಂದ ಮೇಲೆ ಮನೆಯ ತುಂಬ ನೆಂಟರಿರಬೇಕಲ್ಲ, ಬಾಡಿಗೆಗೆ ಕೋಣೆ ಎಲ್ಲಿಂದ ಬಂತು ಎಂಬುದು. ಕೇಳಿಯೇ ಬಿಟ್ಟೆವು.

“ಪಾವಣೇರು ಮೊದಲ ನೋಡ್ರಿ ಸರ,” ಎಂದರು ಅಕ್ಕೋರು. “ಸಂಕ್ರಾಂತಿಗೆ ಎಳ್ಳು ಬೆಲ್ಲ ಕೊಡ್ಲಿಕ್ಕಿ ಫೋನ್ ಹಚ್ತೀನಲ್ಲ, ಆವಾಗೇ ಕೇಳ್ತೀನಿ, ಜಾತ್ರಿಗಿ ಬರ್ತೀರೇನು, ಎಷ್ಟು ಮಂದಿ ಅಂತ. ಬರ್ತೀವಿ ಅಂದವ್ರಿಗಿ ಖೋಲಿ ತೆಗೆದಿಟ್ಟು ಉಳಿದದ್ದು ಕಿರಾಯಿಗಿ ಕೊಡ್ತೀನಿ. ಸಂಕ್ರಾಂತಿ ಆದ ಮ್ಯಾಲ ಬರ್ತೀವಿ ಅಂದವ್ರು ಪಡಸಾಲ್ಯಾಗ ಮಲಗಬೇಕು. ತವರಿನವ್ರಿದ್ರೂ ಅಷ್ಟೇ.”

ಇದನ್ನು ಕೇಳಿ ನಮ್ಮ ಗುಮಾಸ್ತರು ನಕ್ಕರು. ನಮಗೆ ನಗು ಬರಲಿಲ್ಲ. 2024ರ ಹಾಕಿ ಹಬ್ಬದಲ್ಲಿ ನಮ್ಮ ಸದಸ್ಯರೊಬ್ಬರು ಕೋಣೆಗಳಿಗೆ ಮುಂಗಡ ಪಡೆದ ಮೇಲೆ ಸ್ವಂತ ಸೋದರಮಾವ ಸಂಸಾರ ಸಮೇತ ಬಂದಿಳಿದು, ಇಳಿಯಲು ಜಾಗವಿಲ್ಲದೆ ಸಿಟ್ಟಾಗಿ ಹೊರಟುಹೋದದ್ದು ನಮಗೆ ಗೊತ್ತು. ಆ ಎರಡು ಮನೆಗಳ ನಡುವೆ ಈಗಲೂ ಮಾತಿಲ್ಲ. ನೆಂಟರಿಗೂ ಒಂದು ಗಡುವಿರಬೇಕು, ಗಡುವನ್ನು ಮೊದಲೇ ಬಾಯಿಬಿಟ್ಟು ಹೇಳಿರಬೇಕು.

ಆ ಮನೆಯಲ್ಲಿ ನಮ್ಮ ಜೊತೆ ಇಳಿದಿದ್ದವರು ಕುಸ್ತಿಯ ಪೈಲ್ವಾನರು. ಆ ಭಾಗದ ಜಾತ್ರೆಗಳಲ್ಲಿ ತೇರಿಗಿರುವಷ್ಟೇ ಮರ್ಯಾದೆ ಕುಸ್ತಿಯ ಕಣಕ್ಕೂ ಉಂಟು. ಕೊಲ್ಲಾಪುರ, ಸೊಲ್ಲಾಪುರಗಳ ತಾಲೀಮುಗಳ ಹವ್ಯಾಸ ಗಡಿ ದಾಟಿ ಇತ್ತಲೂ ಹಬ್ಬಿದೆ. ಸೊಲ್ಲಾಪುರದ ಕಡೆಯ ಎಂಟು ಹುಡುಗರು, ಅವರಿಗೊಬ್ಬ ಉಸ್ತಾದರು. ಹಲವು ವರ್ಷಗಳಿಂದ ಅವರು ಇಳಿಯುವುದು ಇದೇ ಮನೆಯಲ್ಲಿ. ಮಾಳಿಗೆಯ ಮೇಲೆ ಕಂಬಳಿ ಹಾಸಿ ಮಲಗಿ ಬೆಳಗಿನ ನಾಲ್ಕಕ್ಕೆ ಎದ್ದು ಬೈಠಕ್ ಹೊಡೆಯಲು ತೊಡಗಿದರೆ ಕೆಳಗಿನ ಖೋಲಿಯಲ್ಲಿ ಮಲಗಿದ ನಮಗೆ ಮಾಳಿಗೆಯ ಮಣ್ಣು ಮುಖದ ಮೇಲೆ ಉದುರುತ್ತಿತ್ತು. ಆದರೆ ಆರು ದಿನದಲ್ಲಿ ಆ ಹುಡುಗರಿಂದ ಒಂದು ಲೋಟವೂ ಕಳೆಯಲಿಲ್ಲ, ಒಂದು ಗಲಾಟೆಯೂ ಆಗಲಿಲ್ಲ. ಏಕೆಂದರೆ ಅಕ್ಕೋರು ವ್ಯವಹಾರ ಮಾಡುವುದು ಎಂಟು ಹುಡುಗರ ಜೊತೆಯಲ್ಲ, ಉಸ್ತಾದರೊಬ್ಬರ ಜೊತೆ. ಬಯಾನಾ ಕೊಡುವವರು ಅವರು, ಕೀಲಿ ಪಡೆಯುವವರು ಅವರು, ಬಕೆಟ್ಟು ಒಡೆದರೆ ಕೇಳಬೇಕಾದದ್ದೂ ಅವರನ್ನೇ. ನಮ್ಮಲ್ಲಿ ತಂಡದ ಬೆಂಬಲಿಗರೆಂದು ಹದಿನಾಲ್ಕು ಜನ ಬಂದು, ದುಡ್ಡು ಕೊಡುವಾಗ ಒಬ್ಬರು ಇನ್ನೊಬ್ಬರ ಮುಖ ನೋಡುವುದನ್ನು ಕಂಡವರಿಗೆ ಇದರ ಬೆಲೆ ತಿಳಿದೀತು.

ದರದ ವಿಚಾರದಲ್ಲಿಯೂ ಅಕ್ಕೋರದು ತಮ್ಮದೇ ಲೆಕ್ಕ. ತೇರಿನ ದಿನ ಊರಿನಲ್ಲಿ ಖೋಲಿಗೆ ಕೇಳಿದಷ್ಟು ಕೊಡುವವರಿದ್ದರೂ ಅವರು ಆರು ದಿನಕ್ಕೂ ಒಂದೇ ದರ ಹಿಡಿಯುತ್ತಾರೆ. ತೇರಿನ ದಿನಕ್ಕೆಂದು ಬರುವವರು ಒಂದೇ ರಾತ್ರಿಯ ಗಿರಾಕಿಗಳು, ಮುಂದಿನ ವರ್ಷ ಬರುತ್ತಾರೆಂಬ ಖಾತ್ರಿಯಿಲ್ಲ. ಉಸ್ತಾದರು ಮಾತ್ರ ಬಂದೇ ಬರುತ್ತಾರೆ. 2023ರ ಅಕ್ಟೋಬರ್ 14ರಂದು ಅಹಮದಾಬಾದಿನಲ್ಲಿ ಭಾರತ ಪಾಕಿಸ್ತಾನಗಳ ವಿಶ್ವಕಪ್ ಕ್ರಿಕೆಟ್ ಪಂದ್ಯವಿದ್ದಾಗ ಹೋಟೆಲುಗಳ ದರ ಎಷ್ಟು ಏರಿತೆಂದರೆ, ಕೆಲವರು ಆರೋಗ್ಯ ತಪಾಸಣೆಯ ನೆಪದಲ್ಲಿ ಆಸ್ಪತ್ರೆಯ ಹಾಸಿಗೆಯನ್ನೇ ಒಂದು ರಾತ್ರಿಗೆ ಗೊತ್ತುಮಾಡಿಕೊಳ್ಳಲು ಹೊರಟಿದ್ದರೆಂದು ಪತ್ರಿಕೆಗಳಲ್ಲಿ ಬಂದಿತ್ತು. ಅಂಥ ಗಿರಾಕಿಯಿಂದ ಒಮ್ಮೆ ಸುಲಿಯಬಹುದು.

ಊಟದ ವಿಚಾರಕ್ಕೆ ಬಂದಾಗ ಮಾತ್ರ ನಾವು ಅವರೊಡನೆ ವಾದಕ್ಕಿಳಿದೆವು. ಬೆಳಿಗ್ಗೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತಟ್ಟೆಗೆ ಬಂತು. ಲೆಕ್ಕಕ್ಕೆ ಸೇರಿಸಿ ಎಂದೆವು. ಅವರು ಒಪ್ಪಲಿಲ್ಲ.

“ಖೋಲಿಗಿ ಕಿರಾಯಿ ತಗೋತೀನ್ರಿ ಸರ, ರೊಟ್ಟಿಗಿ ತಗೊಳ್ಳಂಗಿಲ್ಲ. ಕಲ್ಯಾಣದ ಸೀಮ್ಯಾಗ ಇದ್ದು ರೊಟ್ಟಿಗಿ ರೊಕ್ಕ ಎಣಿಸಿದ್ರ ಮಂದಿ ಏನಂದಾರು?”

ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಮಹಾಮನೆಗೆ ದೇಶದ ಮೂಲೆಮೂಲೆಯಿಂದ ಶರಣರು ಬಂದರೆಂದೂ, ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದ ಬಂದವರೆಂದೂ ಪರಂಪರೆ ಹೇಳುತ್ತದೆ. ಬಂದವರಿಗೆಲ್ಲ ದಾಸೋಹ. ಆ ನೆಲದಲ್ಲಿ ಅನ್ನವನ್ನು ಮಾರುವುದು ಈಗಲೂ ಕೆಲವರಿಗೆ ಸಲ್ಲದು. ಕೊಡಗಿನಲ್ಲಿಯೂ ಬಂದ ಅತಿಥಿಯನ್ನು ಉಪವಾಸ ಕಳಿಸಿದ ಮನೆ ಯಾವುದು? ನಮ್ಮ ಮನೆಯವರು ಮೊದಲ ಸಲ ಬಾಡಿಗೆಯ ಅತಿಥಿಗಳಿಗೆ ಕಡಂಬಿಟ್ಟು ಬಡಿಸಿ ಅದರ ಬೆಲೆ ಹೇಳಬೇಕಾದಾಗ ಒಳಗೆ ಹೋಗಿ ನಮ್ಮನ್ನು ಮುಂದೆ ಮಾಡಿದರು. ಆದರೂ ನಮ್ಮ ಅಭಿಪ್ರಾಯ ಅಕ್ಕೋರದಕ್ಕಿಂತ ಬೇರೆ. ಅವರ ಹೊಲದ ಜೋಳ ವರ್ಷಕ್ಕಾಗುವಷ್ಟು ಮನೆಗೆ ಬರುತ್ತದೆ, ನಾವು ಅಕ್ಕಿಯನ್ನೂ ಅಂಗಡಿಯಿಂದ ತರುತ್ತೇವೆ. ಊಟವನ್ನು ದರದಲ್ಲೇ ಸೇರಿಸಿ ಒಂದೇ ಮೊತ್ತ ಹೇಳಿಬಿಟ್ಟರೆ ಬಡಿಸುವವರಿಗೂ ಸಂಕೋಚವಿಲ್ಲ, ಉಣ್ಣುವವರಿಗೂ ಇಲ್ಲ.

ಈಗ ನಾವು ಮೊದಲೇ ಹೇಳಿದ ಸಂಗತಿಗೆ ಬರುತ್ತೇವೆ.

ಹುಮನಾಬಾದಿಗೆ ತಲುಪಿದ ಮೊದಲ ರಾತ್ರಿ, ಗಂಟು ಇಳಿಸಿ ಕೈಕಾಲು ತೊಳೆಯುವ ಮೊದಲೇ, ಅಕ್ಕೋರು ಟಾರ್ಚು ಹಿಡಿದು ನಮ್ಮನ್ನು ಮನೆಯೆಲ್ಲ ಸುತ್ತಿಸಿದರು. ಇಲ್ಲಿ ಬಾಗಿಲ ಚೌಕಟ್ಟು ಗಿಡ್ಡ, ತಲೆ ಬಗ್ಗಿಸಿ. ಇಲ್ಲಿ ಮೆಟ್ಟಿಲಿಗೆ ಕಟಾಂಜನವಿಲ್ಲ, ಗೋಡೆ ಹಿಡಿದು ಹತ್ತಿ. ಇಲ್ಲಿ ಕಟ್ಟಿಗೆ ರಾಶಿ, ಕತ್ತಲಲ್ಲಿ ಕೈಹಾಕಬೇಡಿ, ಚೇಳಿರುತ್ತವೆ. ಇದು ಬಾವಿ. ಬಾವಿಯ ಬಾಯಿಗೆ ಕಬ್ಬಿಣದ ಜಾಲರಿ ಮುಚ್ಚಿ ಬೀಗ ಹಾಕಿತ್ತು. ವರ್ಷವಿಡೀ ಮುಚ್ಚಿರುತ್ತದೆಯೇ ಎಂದು ಕೇಳಿದೆವು. ಇಲ್ಲವಂತೆ. “ನಾವು ಮನಿಯವ್ರು, ನಮಗ ಬಾವಿ ಎಲ್ಲದ ಅಂತ ಕಣ್ಣ ಮುಚ್ಚಿದ್ರೂ ಗೊತ್ತದ. ಬಂದವ್ರಿಗಿ ಗೊತ್ತಿರಂಗಿಲ್ಲ ನೋಡ್ರಿ. ಅದಕ್ಕ ಜಾತ್ರಿಗಿ ಮುಚ್ಚತೀನಿ.”

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಪೈಲ್ವಾನರ ಬೈಠಕ್ಕಿನಿಂದಲ್ಲ.

2024ರ ಏಪ್ರಿಲಿನಲ್ಲಿ, ಹಾಕಿ ಹಬ್ಬದ ಎರಡನೆಯ ವಾರ, ನಮ್ಮ ಮನೆಯ ಮಹಡಿಯ ಮೂರು ಕೋಣೆಗಳನ್ನು ಏಳು ರಾತ್ರಿಗಳಿಗೆ ಕೊಟ್ಟಿದ್ದೆವು. ಒಂದರಲ್ಲಿ ಬೆಂಗಳೂರಿನಿಂದ ಬಂದ ಗಂಡ, ಹೆಂಡತಿ, ಇಬ್ಬರು ಮಕ್ಕಳು. ಕೋಣೆ ತೋರಿಸಿದೆವು, ಬಚ್ಚಲು ತೋರಿಸಿದೆವು, ಬಿಸಿನೀರಿನ ನಲ್ಲಿ ಯಾವುದು ಎಂದು ಹೇಳಿದೆವು. ಮನೆಯ ಹಿಂದೆ ಐವತ್ತು ಹೆಜ್ಜೆ ದೂರದಲ್ಲಿ ಹೂಮಳೆ ತಪ್ಪಿದರೆ ಸ್ಪ್ರಿಂಕ್ಲರ್ ಹೊಡೆಯಲೆಂದು ತೋಡಿಸಿದ, ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡವಿದೆಯೆಂದು ಹೇಳಲಿಲ್ಲ. ಹೇಳಬೇಕೆಂದು ತೋಚಲೇ ಇಲ್ಲ. ನಮ್ಮ ಕಣ್ಣಿಗೆ ಅದು ತೋಟದ ಒಂದು ಭಾಗ, ಸಿಲ್ವರ್ ಮರದ ಹಾಗೆ.

ಎರಡನೆಯ ದಿನ ಸಂಜೆ ಐದರ ಸುಮಾರಿಗೆ ಆರು ವರ್ಷದ ಮಗು ಅದರೊಳಗೆ ಜಾರಿತು. ಹನ್ನೆರಡು ಅಡಿಯ ಹೊಂಡ. ನೀರು ಹೊಡೆದು ಮುಗಿದಿದ್ದರಿಂದ ಐದಡಿ ಮಾತ್ರ ಉಳಿದಿತ್ತು. ಇಂಥ ಹೊಂಡಗಳಲ್ಲಿ ನೀರು ಕಡಿಮೆಯಾದಷ್ಟೂ ಅಪಾಯ ಹೆಚ್ಚು, ಏಕೆಂದರೆ ಪಾಚಿ ಹಿಡಿದ ಹಾಳೆಯ ಇಳಿಜಾರು ಉದ್ದವಾಗುತ್ತದೆ, ಕೈಗೆ ಕಾಲಿಗೆ ಏನೂ ಸಿಗುವುದಿಲ್ಲ. ದೈವವಶಾತ್ ಪೈಪು ಬಿಚ್ಚಲು ಬಂದಿದ್ದ ನಮ್ಮ ಕೆಲಸಗಾರನೊಬ್ಬ ಸದ್ದು ಕೇಳಿ ಹಾರಿದ. ಮಗುವನ್ನು ಎತ್ತಿ ಹಿಡಿದನೇ ಹೊರತು ಅವನಿಗೂ ಮೇಲೆ ಬರಲಾಗಲಿಲ್ಲ. ಅವನ ಕೂಗಿಗೆ ಓಡಿದ ನಾವೂ ಆ ಮಗುವಿನ ತಂದೆಯೂ ಸ್ಪ್ರಿಂಕ್ಲರಿನ ಪೈಪು ಇಳಿಬಿಟ್ಟು ಇಬ್ಬರನ್ನೂ ಎಳೆದುಕೊಂಡೆವು. ಮಗುವಿಗೆ ಮೊಣಕೈ ತರಚಿತ್ತು, ಮತ್ತೇನೂ ಆಗಲಿಲ್ಲ.

ಆ ದಂಪತಿಗಳು ನಮ್ಮ ಮೇಲೆ ಒಂದು ಮಾತನ್ನೂ ಆಡಲಿಲ್ಲ. ಮರುದಿನ ಬೆಳಿಗ್ಗೆ ಹೊರಡುವಾಗ, ಬೇಡವೆಂದರೂ ಕೇಳದೆ, ಮಾತಾಡಿದ್ದಷ್ಟು ಬಾಡಿಗೆಯನ್ನೂ ಮೇಜಿನ ಮೇಲಿಟ್ಟು ಹೋದರು. ಬೈದಿದ್ದರೆ ನಮಗೆ ಹಗುರವಾಗುತ್ತಿತ್ತೇನೋ.

ಆದುದರಿಂದ ಲಾಭನಷ್ಟದ ಮಾತಿಗೆ ಮೊದಲು ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟು. ಹೊರಗಿನವರನ್ನು ಕರೆಯುವ ಮೊದಲು ನಿಮ್ಮ ಮನೆ ತೋಟಗಳನ್ನು ಒಮ್ಮೆ ಪರಕೀಯರ ಕಣ್ಣಿನಿಂದ ಸುತ್ತಿ ನೋಡಿ. ಹೊಂಡಕ್ಕೆ ಎದೆಮಟ್ಟದ ಬೇಲಿ, ಬೀಗ ಹಾಕುವ ಗೇಟು, ಒಳಗೆ ಇಳಿಬಿಟ್ಟ ಗಂಟು ಹಾಕಿದ ಹಗ್ಗ, ತೇಲುವ ಹಳೆಯ ಟ್ಯೂಬು. ಆನೆಗೆಂದು ಹಾಕಿದ ಸೋಲಾರ್ ಬೇಲಿ ಎಲ್ಲಿದೆಯೆಂದು ತೋರಿಸಿಯೇ ಕೊಡಬೇಕು. ಸಂಜೆ ಆರರ ಮೇಲೆ ತೋಟದೊಳಗೆ ತಿರುಗಾಟ ಬೇಡವೆಂದು ಮೊದಲೇ ಹೇಳಬೇಕು. ಔಷಧಿ ಹೊಡೆಯುವ ದಿನ ಅತಿಥಿಗಳಿರಬಾರದು, ಔಷಧಿ ಕೋಣೆಗೆ ಬೀಗವಿರಬೇಕು. ಅಡಿಕೆ ಒಣಗಿಸುವ ಅಟ್ಟದ ಏಣಿಯನ್ನು ತೆಗೆದಿಡಿ. ಇನ್ನೊಂದು ವಿಷಯ ನಮ್ಮ ಜಿಲ್ಲೆಗೇ ವಿಶೇಷವಾದದ್ದು: ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸಿನ ವಿನಾಯಿತಿ ಇರುವುದರಿಂದ ಅನೇಕ ಮನೆಗಳಲ್ಲಿ ಕೋವಿ ಗೋಡೆಯ ಮೇಲೆಯೇ ತೂಗುತ್ತದೆ. ಬಾಡಿಗೆಯ ಅತಿಥಿಗಳಿರುವಾಗ ಅದು ಬೀರುವಿನೊಳಗೆ, ತೋಟಾ ಬೇರೆ ಬೀರುವಿನೊಳಗೆ ಇರತಕ್ಕದ್ದು. ಮನೆಯಲ್ಲಿ ಮಾಡಿದ ವೈನನ್ನು ಬಾಟಲಿಗಿಷ್ಟೆಂದು ಮಾರುವುದು ಅಬಕಾರಿ ಲೈಸೆನ್ಸಿಲ್ಲದೆ ಅಪರಾಧವೆಂಬುದನ್ನೂ ಮರೆಯಬೇಡಿ. ಲೈನ್ ಮನೆಗಳ ಕಡೆ ಕ್ಯಾಮೆರಾ ಹಿಡಿದು ಹೋಗುವ ಅತಿಥಿಗಳನ್ನು ತಡೆಯಿರಿ. ಅದು ಕೆಲಸಗಾರರ ಸಂಸಾರವಿರುವ ಜಾಗ.

ಇನ್ನು ಹಣದ ವಿಚಾರ. ಆ ಏಳು ರಾತ್ರಿಗಳ ನಮ್ಮ ಸ್ವಂತ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಕೊಡುತ್ತೇವೆ. ಮೂರು ಕೋಣೆ, ರಾತ್ರಿಗೆ 1,500 ರೂಪಾಯಿಯಂತೆ ಬಂದದ್ದು 31,500 ರೂಪಾಯಿ. ಹೊಸ ಹಾಸಿಗೆ ಹೊದಿಕೆ ದಿಂಬುಗಳಿಗೆ 9,400. ಕೊಳಾಯಿ ರಿಪೇರಿಗೆ 3,200. ಏಪ್ರಿಲಿನಲ್ಲಿ ಬಾವಿ ಬತ್ತಿದ್ದರಿಂದ ಟ್ಯಾಂಕರ್ ನೀರಿಗೆ 4,500. ದಿನಸಿ ಮತ್ತು ಗ್ಯಾಸಿಗೆ 7,800. ಅಡಿಗೆ ಮತ್ತು ಒಗೆತಕ್ಕೆ ಬಂದವರಿಗೆ 4,200. ಒಟ್ಟು ಖರ್ಚು 29,100. ಉಳಿದದ್ದು 2,400 ರೂಪಾಯಿ. ಅಂದಿನ ಧಾರಣೆಯಲ್ಲಿ ಅರ್ಧ ಚೀಲ ರೊಬಸ್ಟಾ ಚೆರಿಯ ಬೆಲೆಗೂ ಅದು ಸಾಲದು. ಹೊದಿಕೆ ದಿಂಬುಗಳು ಮುಂದಿನ ವರ್ಷಕ್ಕೂ ಬರುತ್ತವೆ ಎಂದು ನಮ್ಮ ಗುಮಾಸ್ತರು ವಾದಿಸುತ್ತಾರೆ, ಒಪ್ಪತಕ್ಕ ಮಾತೇ. ಆದರೆ ನಮ್ಮ ಮನೆಯವರ ಏಳು ದಿನದ ದುಡಿಮೆಯನ್ನು ಅವರೂ ಲೆಕ್ಕಕ್ಕೆ ಹಿಡಿದಿಲ್ಲ.

ಇಷ್ಟೇ ಬರುವುದೆಂದು ತಿಳಿದವರು ಸಾಲ ಮಾಡುವುದಿಲ್ಲ. ತಿಳಿಯದವರು ಮಾಡುತ್ತಾರೆ. ಹುಮನಾಬಾದಿನಿಂದ ನಾವು ಒಂದು ದಿನ ಬಸವಕಲ್ಯಾಣಕ್ಕೆ ಹೋದೆವು. ಹೆದ್ದಾರಿಯಲ್ಲಿ ಸಸ್ತಾಪುರ ಬಂಗ್ಲಾದ ಬಳಿ ತಿರುಗಿ ಒಳಗೆ ಹೋಗಬೇಕು. ಕೋಟೆ ನೋಡಿದೆವು, ಬಸವಣ್ಣನವರ 108 ಅಡಿಯ ಪ್ರತಿಮೆ ನೋಡಿದೆವು. ಅಲ್ಲಿ ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾದಾಗ, ಇನ್ನು ಯಾತ್ರಿಕರು ಸಾಲುಗಟ್ಟಿ ಬರುತ್ತಾರೆಂದು ನಂಬಿ ಒಬ್ಬರು ಮನೆಯ ಮೇಲೆ ನಾಲ್ಕು ಕೋಣೆ ಏರಿಸಿ, ಕೋಣೆಗೊಂದು ಬಚ್ಚಲು ಕಟ್ಟಿಸಿ, ಒಂದಕ್ಕೆ ಏಸಿಯನ್ನೂ ಹಾಕಿಸಿದ್ದರು. ನಾವು ಹೋದಾಗ ಮಂಟಪದ ಕೆಲಸ ಇನ್ನೂ ನಡೆದಿತ್ತು. ಸಾಲದ ಕಂತು ಮಾತ್ರ ಕಾಯಲಿಲ್ಲ. ನಾಲ್ಕರಲ್ಲಿ ಎರಡು ಕೋಣೆಗಳನ್ನು ಅವರು ಕಾಲೇಜು ಹುಡುಗರಿಗೆ ತಿಂಗಳ ಬಾಡಿಗೆಗೆ ಕೊಟ್ಟು, ಶರಣ ಸಮ್ಮೇಳನಗಳು ನಡೆದಾಗ ಉಳಿದೆರಡನ್ನು ದಿನದ ಲೆಕ್ಕದಲ್ಲಿ ಕೊಡುತ್ತಿದ್ದಾರೆ. “ಅನುಭವ ಆತ್ರಿ, ಮಂಟಪ ಆಗೋದು ಉಳದದ,” ಎಂದು ನಗೆಯಾಡಿದರು. ಊರಿನ ಮೇಲಿನ ನಂಬಿಕೆ ಅವರಿಗೆ ಹೋಗಿಲ್ಲ.

ಇಂಥ ಲೆಕ್ಕ ತಪ್ಪುವುದು ನಮ್ಮ ನಾಡಿನಲ್ಲಿ ಮಾತ್ರವಲ್ಲ. 2010ರ ಕಾಮನ್‌ವೆಲ್ತ್ ಕ್ರೀಡೆಗಳಿಗಾಗಿ ದಿಲ್ಲಿಯಲ್ಲಿ ಮನೆಗಳ ಕೋಣೆಗಳನ್ನು ಅತಿಥಿಗಳಿಗೆ ಕೊಡುವ ಯೋಜನೆಯನ್ನು ಸರ್ಕಾರವೇ ಉತ್ತೇಜಿಸಿತು. ನಿರೀಕ್ಷಿಸಿದಷ್ಟು ಜನ ಬರಲಿಲ್ಲವೆಂದು ಮನೆಯವರು ಕೊರಗಿದರು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಮನೆ ಖಾಲಿಮಾಡಿ ಭಾರಿ ಬಾಡಿಗೆ ಕಾಯ್ದ ಹಲವರ ಗತಿಯೂ ಅದೇ. ಒಮ್ಮೆ ಮಾತ್ರ ಬರುವ ಕ್ರೀಡೆಗೆ ಎಲ್ಲರೂ ಏಕಕಾಲದಲ್ಲಿ ಬಾಗಿಲು ತೆರೆಯುತ್ತಾರೆ, ದರ ಬೀಳುತ್ತದೆ. ವರ್ಷ ವರ್ಷವೂ ಅದೇ ಊರಿನಲ್ಲಿ ನಡೆಯುವ ಆಟದ ಕಥೆ ಬೇರೆ. ವಿಂಬಲ್ಡನ್ ಟೆನಿಸ್ ಮೈದಾನದ ಸುತ್ತಲಿನ ಮನೆಯವರು ಬೇಸಿಗೆಯ ಆ ಎರಡು ವಾರ ಆಟಗಾರರಿಗೇ ಮನೆ ಬಿಟ್ಟುಕೊಡುವುದು ರೂಢಿ. ಅಮೆರಿಕದ ಅಗಸ್ಟಾ ಎಂಬ ಊರಿನಲ್ಲಿ 1934ರಿಂದ ಏಪ್ರಿಲ್ ಸುಮಾರಿಗೆ ಮಾಸ್ಟರ್ಸ್ ಗಾಲ್ಫ್ ಪಂದ್ಯ ನಡೆಯುತ್ತ ಬಂದಿದೆ. ಅಲ್ಲಿನವರು ಆ ವಾರ ಮನೆಯ ಕೀಲಿ ಕೊಟ್ಟು ಬೇರೆಡೆಗೆ ಹೊರಟುಬಿಡುತ್ತಾರೆ. ವರ್ಷಕ್ಕೆ 14 ದಿನ ಮೀರದಂತೆ ಸ್ವಂತ ಮನೆ ಬಾಡಿಗೆಗೆ ಕೊಟ್ಟರೆ ಆ ಆದಾಯಕ್ಕೆ ಕೇಂದ್ರ ತೆರಿಗೆಯಿಲ್ಲವೆಂಬ ಅವರ ದೇಶದ 1976ರ ನಿಯಮಕ್ಕೆ ಆ ಊರಿನ ಹೆಸರೇ ಅಂಟಿಕೊಂಡಿದೆ. ಹುಮನಾಬಾದಿನ ಜಾತ್ರೆ ಈ ಎರಡನೆಯ ಜಾತಿಯದು. ನಮ್ಮ ಹಾಕಿ ಹಬ್ಬ ಇವೆರಡರ ನಡುವಿನದು: ವರ್ಷ ವರ್ಷವೂ ನಡೆಯುತ್ತದೆ, ಆದರೆ ಆತಿಥ್ಯ ವಹಿಸುವ ಕುಟುಂಬ ಬದಲಾದಂತೆ ಮೈದಾನವೂ ಬದಲಾಗುತ್ತದೆ. ಈ ಸಲ ನಾಪೋಕ್ಲು, ಇನ್ನೊಂದು ಸಲ ಮತ್ತೆಲ್ಲೋ. ಆದುದರಿಂದ ಹಾಕಿಯನ್ನೇ ನಂಬಿ ಕೋಣೆ ಕಟ್ಟಿಸುವುದು ಬೇಡವೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಅಮೆರಿಕದ 14 ದಿನದ ರಿಯಾಯಿತಿಯನ್ನು ಓದಿ ಸದಸ್ಯರು ಆಸೆಪಡಬಾರದು. ನಮ್ಮ ದೇಶದಲ್ಲಿ ಹಾಗಿಲ್ಲ. ಒಂದು ದಿನದ ಬಾಡಿಗೆಯೂ ಆದಾಯವೇ. ಇಲ್ಲಿ ನಮ್ಮವರಲ್ಲಿ ಬಹಳ ಮಂದಿ ಒಂದು ತಪ್ಪು ತಿಳಿವಳಿಕೆಯಲ್ಲಿದ್ದಾರೆ. ಮನೆ ಕಾಫಿ ತೋಟದ ಮಧ್ಯದಲ್ಲಿದೆ, ಆದ್ದರಿಂದ ಅದರ ಬಾಡಿಗೆಯೂ ಕೃಷಿ ಆದಾಯ ಎಂಬುದು ಅವರ ವಾದ. ಸರಿಯಲ್ಲ. ತೋಟದ ಮನೆಯನ್ನು ಬೆಳೆಗಾರ ವಾಸಕ್ಕೋ ದಾಸ್ತಾನಿಗೋ ಬಳಸುವವರೆಗೆ ಕಾನೂನಿನ ದೃಷ್ಟಿ ಒಂದು. ಅದನ್ನು ಇತರರಿಗೆ ಬಾಡಿಗೆಗೆ ಕೊಟ್ಟರೆ ಬಂದ ಹಣ ಕೃಷಿ ಆದಾಯದ ಲೆಕ್ಕಕ್ಕೆ ಬರುವುದಿಲ್ಲವೆಂದು ಆದಾಯ ತೆರಿಗೆ ಕಾಯಿದೆಯಲ್ಲೇ ಹೇಳಿದೆ. ಬೆಳೆದು ಕ್ಯೂರಿಂಗ್ ಮಾಡಿ ಮಾರಿದ ಕಾಫಿಯ ಆದಾಯದಲ್ಲಿ ಶೇಕಡಾ 25ನ್ನು ಮಾತ್ರ ತೆರಿಗೆಗೆ ಹಿಡಿಯುವ ಅನುಕೂಲವನ್ನು ಬಾಡಿಗೆಗೆ ಎಳೆಯಲು ಹೋಗಬೇಡಿ. ಪುಸ್ತಕವೊಂದನ್ನು ಬೇರೆಯೇ ಇಟ್ಟು ಬರೆದರೆ ಮಾರ್ಚಿಯಲ್ಲಿ ಆಡಿಟರರ ಮುಂದೆ ತಲೆ ಕೆರೆದುಕೊಳ್ಳಬೇಕಿಲ್ಲ.

ಜಿ.ಎಸ್.ಟಿ.ಗೆ ನಮ್ಮಂಥವರು ಹೆದರಬೇಕಾದದ್ದು ಕಡಿಮೆ. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರದಿದ್ದರೆ ನೋಂದಣಿ ಬೇಕಿಲ್ಲ. ಮೊಬೈಲಿನ ಬುಕಿಂಗ್ ಕಂಪನಿಗಳ ಮೂಲಕ ಕೋಣೆ ಕೊಟ್ಟಾಗ, ನೋಂದಣಿಯಿಲ್ಲದ ಮನೆಯವರ ಪರವಾಗಿ ಆ ತೆರಿಗೆಯನ್ನು ಕಂಪನಿಯೇ ಕಟ್ಟತಕ್ಕದ್ದು. ಅದರ ಜೊತೆ ಅವರು ಹಿಡಿದುಕೊಳ್ಳುವ ಕಮಿಷನ್ ಎಷ್ಟೆಂದು ಒಪ್ಪುವ ಮೊದಲೇ ಓದಿಕೊಳ್ಳಿ.

ಅನುಮತಿಯ ವಿಷಯ. ಹಬ್ಬದ ನಾಲ್ಕು ದಿನಕ್ಕೆ ಯಾರು ಕೇಳುತ್ತಾರೆ ಎನ್ನುವವರಿದ್ದಾರೆ. ಅಹಿತ ಘಟನೆಯೊಂದು ನಡೆದ ಮರುಗಳಿಗೆ ಎಲ್ಲರೂ ಕೇಳುತ್ತಾರೆ. ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಮ್‌ಸ್ಟೇ ಎಂದು ನೋಂದಾಯಿಸಿಕೊಳ್ಳುವುದೇ ನೇರ ದಾರಿ. ಪೊಲೀಸ್ ಠಾಣೆ ಮತ್ತು ಪಂಚಾಯತಿಯ ಒಪ್ಪಿಗೆ ಅದಕ್ಕೆ ಬೇಕಾಗುತ್ತದೆ. ಹೋಮ್‌ಸ್ಟೇ ಎಂಬ ಮಾತಿನ ಹುರುಳೇ ಮನೆಯವರು ಅಲ್ಲಿ ವಾಸವಾಗಿರಬೇಕೆಂಬುದು. ಕೇಂದ್ರ ಸರ್ಕಾರದ ಯೋಜನೆಯಲ್ಲಿ ಒಂದರಿಂದ ಆರು ಕೋಣೆ, ಹನ್ನೆರಡು ಹಾಸಿಗೆ ಎಂಬ ಮಿತಿಯೂ ಉಂಟು. ಮೈಸೂರಿನಲ್ಲಿ ಕುಳಿತು ತೋಟದ ಬಂಗಲೆಯ ಕೀಲಿಯನ್ನು ರೈಟರ ಕೈಗೆ ಕೊಡಿಸುವುದು ಹೋಮ್‌ಸ್ಟೇ ಆಗುವುದಿಲ್ಲ. ತೋಟದ ಜಮೀನಿನಲ್ಲಿ ಹೊಸದಾಗಿ ಕಾಟೇಜು ಕಟ್ಟುವುದಾದರೆ ಭೂ ಪರಿವರ್ತನೆಯ ಪ್ರಶ್ನೆ ಬರುತ್ತದೆ. ಅದು ಈ ಲೇಖನದ ವ್ಯಾಪ್ತಿಗೆ ಮೀರಿದ್ದು.

ಬಂದವರೆಲ್ಲರ ಹೆಸರು, ವಿಳಾಸ, ಫೋನು, ಕಾರಿನ ನಂಬರು, ಭಾವಚಿತ್ರವಿರುವ ಗುರುತಿನ ಚೀಟಿಯ ಪ್ರತಿ ಒಂದು ರಿಜಿಸ್ಟರಿನಲ್ಲಿರಲಿ. ವಿದೇಶದ ಪಾಸ್‌ಪೋರ್ಟಿನವರು ಬಂದರೆ, ಅವರು ನಮ್ಮ ಊರಿನವರದೇ ಮಕ್ಕಳು ಮೊಮ್ಮಕ್ಕಳಾದರೂ ಸರಿಯೇ, 24 ಗಂಟೆಯೊಳಗೆ ನಿಗದಿತ ಫಾರ್ಮ್ ತುಂಬಿ ಕಳಿಸುವುದು ಮನೆಯವರ ಹೊಣೆ. ಕೆನಡಾ, ಅಮೆರಿಕಗಳಿಂದ ಹಬ್ಬಕ್ಕೆಂದೇ ಬರುವವರಿರುವುದರಿಂದ ಇದನ್ನು ಹೇಳಬೇಕಾಯಿತು.

ಬಾಡಿಗೆಗೆ ಕೊಟ್ಟರೆ ಏಳಿಸಲಾಗದೆ ಕೋರ್ಟು ಹತ್ತಬೇಕಾದೀತೆಂಬ ಭಯವನ್ನು ಹಿರಿಯ ಸದಸ್ಯರು ಹಲವರು ತೋಡಿಕೊಂಡಿದ್ದಾರೆ. ಬಾಡಿಗೆದಾರನೇ ಬೇರೆ, ನಾವು ವಾಸವಿರುವ ಮನೆಯಲ್ಲಿ ಕೆಲವು ರಾತ್ರಿ ಇಳಿದುಕೊಳ್ಳಲು ಅಪ್ಪಣೆ ಪಡೆದ ಅತಿಥಿಯೇ ಬೇರೆ. ಮನೆಯ ಸ್ವಾಧೀನ ನಮ್ಮ ಕೈಯಲ್ಲೇ ಇರಬೇಕು. ಒಂದು ಕೀಲಿ ನಮ್ಮ ಬಳಿಯಿರಬೇಕು. ಬರುವ ತಾರೀಖು, ಹೋಗುವ ತಾರೀಖು, ದರ, ಮುಂಗಡ, ಬಾರದಿದ್ದರೆ ಮುಂಗಡದ ಗತಿ ಇವಿಷ್ಟನ್ನು ಅರ್ಧ ಹಾಳೆಯಲ್ಲಿ ಬರೆದು ಇಬ್ಬರೂ ರುಜು ಹಾಕಿದರೆ ಸಾಕು. ಅದರಲ್ಲಿ ಬಾಡಿಗೆ ಕರಾರು ಎಂಬ ಶಬ್ದ ಬೇಡ, ತಂಗುವ ಅನುಮತಿ ಎಂದಿರಲಿ. ತಂಡ ಸೋತು ಎರಡನೆಯ ದಿನವೇ ಗಂಟುಮೂಟೆ ಕಟ್ಟುವವರು ಹಾಕಿ ಹಬ್ಬದಲ್ಲಿ ಹೆಚ್ಚು. ಸೋತರೆ ಉಳಿದ ರಾತ್ರಿಗಳ ಹಣ ವಾಪಸೋ ಇಲ್ಲವೋ ಎಂಬುದನ್ನು ಆಟಕ್ಕೆ ಮೊದಲೇ ಬರೆದುಕೊಳ್ಳಬೇಕು. ಆಮೇಲೆ ಕೇಳಿದರೆ ಸೋತವರ ಜೊತೆ ಜಗಳವಾಡಿದಂತಾಗುತ್ತದೆ.

ಮನೆಗೆ ವಿಮೆ ಮಾಡಿಸಿದ್ದರೆ, ಹಣ ಪಡೆದು ಅತಿಥಿಗಳನ್ನು ಇಳಿಸುವ ವಿಷಯವನ್ನು ಕಂಪನಿಗೆ ಬರೆದು ತಿಳಿಸಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ತಿಳಿಸದೆ ಹೋದರೆ ಬೆಂಕಿ ಬಿದ್ದ ಮೇಲೆ ಕ್ಲೇಮು ನಿಲ್ಲಿಸಲು ಅದೇ ಕಾರಣವಾಗಬಹುದು. ಅತಿಥಿಗೆ ಪೆಟ್ಟಾದರೆ ಬರುವ ಹೊಣೆಗೆ ಬೇರೆ ಪಾಲಿಸಿಯೇ ಉಂಟು. ಮನೆಯ ಪಾಲಿಸಿಯಲ್ಲಿ ಅದು ಸೇರಿದೆಯೆಂದು ಊಹಿಸಿಕೊಳ್ಳಬೇಡಿ. ನಾವು ಹಾಗೆ ಊಹಿಸಿಕೊಂಡಿದ್ದೆವು. ಗೃಹಬಳಕೆಯ ಗ್ಯಾಸ್ ಸಿಲಿಂಡರನ್ನು ವ್ಯಾಪಾರದ ಅಡಿಗೆಗೆ ಬಳಸುವಂತಿಲ್ಲವೆಂಬುದೂ ಗಮನದಲ್ಲಿರಲಿ.

ಹುಮನಾಬಾದಿನಿಂದ ಹೊರಡುವ ದಿನ ಉಳಿದಿದ್ದ ಕಾಫಿ ಪುಡಿಯಲ್ಲಿ ಎರಡು ಕಿಲೋವನ್ನು ಅಕ್ಕೋರಿಗೆ ಕೊಟ್ಟೆವು. ಬೆಲೆ ಎಷ್ಟೆಂದು ಕೇಳಿದರು. ರೊಟ್ಟಿಗೆ ನೀವು ತೆಗೆದುಕೊಂಡಿಲ್ಲವಲ್ಲ ಎಂದೆವು. ಒಪ್ಪಿಕೊಂಡರು. ಫಿಲ್ಟರಿಲ್ಲದೆ ಅದನ್ನು ಚಹದಂತೆ ಕುದಿಸಿ ಕುಡಿದರೆಂದು ಆಮೇಲೆ ಫೋನಿನಲ್ಲಿ ತಿಳಿಯಿತು.

ಊರಿಗೆ ಮರಳಿದ ವಾರವೇ ನಮ್ಮ ಹೊಂಡಕ್ಕೆ ಬೇಲಿ ಹಾಕಿಸಿದೆವು. ನಾಲ್ಕು ಬದಿಗೂ ಕಲ್ಲುಕಂಬ ನೆಟ್ಟು ಐದಡಿಯ ಜಾಲರಿ ಕಟ್ಟಲು ಮೂರು ದಿನ ಹಿಡಿಯಿತು. ಅದೇ ಅಳತೆಯ ಜಾಲರಿಯ ಸುರುಳಿಗಳನ್ನು ಈಗ ಸಂಘದ ಗೋದಾಮಿಗೂ ತರಿಸಿದ್ದೇವೆ. ಬೇಕಾದ ಸದಸ್ಯರು ಹೊಂಡದ ಸುತ್ತಳತೆ ಬರೆದುಕೊಂಡು, ಪಾಸ್ ಪುಸ್ತಕದೊಡನೆ, ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಹತ್ತರಿಂದ ಒಂದು ಗಂಟೆಯೊಳಗೆ ಬಂದರೆ ಖರೀದಿ ಬೆಲೆಗೇ ಕೊಡಲಾಗುವುದು. ಹಣವನ್ನು ಬೆಳೆ ಖಾತೆಯಲ್ಲಿ ಹಿಡಿದುಕೊಳ್ಳಬಹುದು. ತಂಗುವ ಅನುಮತಿಯ ಅರ್ಧ ಹಾಳೆಯ ನಮೂನೆಯೂ ಗುಮಾಸ್ತರ ಬಳಿ ಇದೆ, ಅದಕ್ಕೆ ಹಣವಿಲ್ಲ.